ಎಲ್ಲಿ ಕೂತಿದ್ದೀರಿ, ಹಾರ್ಲನ್?

ಆ ಚಳಿಗಾಲದಲ್ಲಿ ನಿನಗೆ ಯಾರ ಮೇಲೆ ಅಷ್ಟು ಸಿಟ್ಟಿತ್ತು ಎಂದು ಕೇಳಿದರೆ ಮಾರ್ಲಾ ಪಿಕೆಟ್ ಯಾವ ಮನುಷ್ಯನ ಹೆಸರನ್ನೂ ಹೇಳುವುದಿಲ್ಲ. ಅವಳ ಸಿಟ್ಟು ಇದ್ದದ್ದು ಒಂದು ಗೆರೆಯ ಮೇಲೆ. ಒಹಾಯೊ ನದಿಯ ಬಡಗಣ ದಡದಲ್ಲಿ ಮಣ್ಣು ಮುಗಿದು ನೀರು ಶುರುವಾಗುವಲ್ಲಿ, ಯಾರ ಕಣ್ಣಿಗೂ ಕಾಣದೆ ಆ ಗೆರೆ ಹಾದುಹೋಗುತ್ತದೆ. ಈಚೆಗೆ ಒಹಾಯೊ ರಾಜ್ಯ, ಆಚೆಗೆ ವೆಸ್ಟ್ ವರ್ಜೀನಿಯಾ. ನದಿಯಂತೂ ಪೂರ್ತಿ ಆಚೆಯವರದು. ಸೇತುವೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಬೇರೆ ಕಾನೂನಿನ ಕೆಳಗೆ ಬಂದುಬಿಟ್ಟಿರುತ್ತೀರಿ.

ಮಾರ್ಲಾ ಬಹಳ ವರ್ಷ ಹಲ್ಲಿನ ಡಾಕ್ಟರೊಬ್ಬರ ಬಳಿ ಫೋನು ಎತ್ತುವ ಕೆಲಸ ಮಾಡಿದವಳು. ಸರದಿಗಾಗಿ ಕಾಯುತ್ತ ಕೂತವರು ದವಡೆ ಹಿಡಿದುಕೊಂಡೇ ಗಂಡನ ಕುಡಿತ, ಮಗನ ಜೈಲು, ತಾಯಿಯ ಮರೆವು ಎಲ್ಲವನ್ನೂ ಅವಳ ಮುಂದೆ ತೋಡಿಕೊಳ್ಳುತ್ತಿದ್ದರು. ಇದನ್ನೇ ಸರಿಯಾಗಿ ಕಲಿತು ಮಾಡೋಣವೆಂದು ಮೂವತ್ತು ದಾಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿದಳು. ಪದವಿ ಬಂತು, ಪರೀಕ್ಷೆ ಪಾಸಾಯಿತು, ಕೌನ್ಸೆಲರ್ ಎಂಬ ಲೈಸೆನ್ಸೂ ಬಂತು. ಆದರೆ ಅದು ಅರ್ಧ ಲೈಸೆನ್ಸು. ಪೂರ್ತಿಯದು ಬೇಕಾದರೆ ಇನ್ನೂ ಕೆಲವು ವರ್ಷ ಹಿರಿಯ ಕೌನ್ಸೆಲರ್ ಒಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ಜನರ ಜೊತೆ ಕೂತ ಪ್ರತಿ ಗಂಟೆಯೂ ಆ ಹಿರಿಯರ ಸಹಿ ಬಿದ್ದ ಮೇಲೆಯೇ ಲೆಕ್ಕಕ್ಕೆ ಬರುವುದು.

ಅವಳ ಪಾಲಿಗೆ ಸಿಕ್ಕ ಹಿರಿಯಳು ಇರ್ಮಾ ಸ್ಟ್ರೋಡ್. ಅರವತ್ತು ದಾಟಿದ ಎತ್ತರದ ಹೆಂಗಸು. ಒಹಾಯೊ ಕಡೆಯ ಕೋಲ್ಟನ್ ಎಂಬ ಗುಡ್ಡದೂರಿನಲ್ಲಿ, ಹಳೆಯ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವಳ ಕಚೇರಿ. ಗುರುವಾರ ಮಧ್ಯಾಹ್ನ ಇಬ್ಬರೂ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಇರ್ಮಾ ಮೇಜಿನ ಕೆಳಗೆ ಬೂಟು ಕಳಚಿ, ಉಪ್ಪು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಮಾರ್ಲಾ ಆ ವಾರದ ಒಬ್ಬೊಬ್ಬರ ಕತೆಯನ್ನೂ ಹೇಳಿ ಮುಗಿಸುವವರೆಗೆ ಕೇಳುತ್ತಿದ್ದಳು. ಕೊನೆಗೆ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. ಅವರಿಗೇನಾಯಿತೆಂದು ತಿಳಿಯಿತು, ಕೇಳುತ್ತ ಕೂತ ನಿನಗೇನಾಯಿತು? ಈ ಪ್ರಶ್ನೆ ಬಂದರೆ ಮಾರ್ಲಾಗೆ ಮೈ ಉರಿಯುತ್ತಿತ್ತು.

ಹಾರ್ಲನ್ ಟ್ರೆಂಟ್ ಬೇಸಿಗೆಯಲ್ಲಿ ಬಂದವನು. ಅವನ ಡಾಕ್ಟರು ಇನ್ನು ನಿದ್ದೆ ಮಾತ್ರೆ ಬರೆದುಕೊಡುವುದಿಲ್ಲ ಎಂದು ಹೇಳಿ ಇತ್ತ ಅಟ್ಟಿದ್ದರು. ಅರವತ್ತಾರು ವರ್ಷ, ಅಗಲವಾದ ಕೈಗಳು, ಮಡಚಲು ಬಾರದ ಒಂದು ಮಂಡಿ. ಕಲ್ಲಿದ್ದಲು ತುಂಬಿದ ಬಾರ್ಜು ಎಂಬ ಚಪ್ಪಟೆ ಸರಕು ದೋಣಿಗಳನ್ನು ನದಿಯುದ್ದಕ್ಕೂ ತಳ್ಳಿಕೊಂಡು ಹೋಗುವ ದೋಣಿಗಳಲ್ಲಿ ಆಳುಗಳ ಮೇಸ್ತ್ರಿಯಾಗಿದ್ದವನು. ಅವನ ಮನೆ ನದಿಯ ಈಚೆ ದಡದ ಬೆಲ್‌ಫೋರ್ಡ್‌ನಲ್ಲಿ. ಅಲ್ಲಿಂದ ಕೋಲ್ಟನ್‌ಗೆ ಗುಡ್ಡದ ರಸ್ತೆಯಲ್ಲಿ ಮುಕ್ಕಾಲು ಗಂಟೆಯ ಹಾದಿ. ಅಷ್ಟು ಹೊತ್ತು ಅವನ ಮಂಡಿ ತಡೆಯುತ್ತಿರಲಿಲ್ಲ. ಹಾಗಾಗಿ ಬುಧವಾರ ಮಧ್ಯಾಹ್ನ ಫೋನಿನ ಪರದೆಯಲ್ಲೇ ಭೇಟಿ.

ಮೊದಲ ಎರಡು ತಿಂಗಳು ಹಾರ್ಲನ್ ಟೊಮೆಟೊ ಗಿಡಗಳ ಬಗ್ಗೆ ಮಾತಾಡಿದ. ಆಮೇಲೆ ತನ್ನ ಪಿಕಪ್ ಗಾಡಿಯ ಗೇರಿನ ಬಗ್ಗೆ. ಆಮೇಲೆ ತಣ್ಣೀರಿನ ಮೀನಿಗೇ ಯಾಕೆ ರುಚಿ ಹೆಚ್ಚು ಎಂಬುದರ ಬಗ್ಗೆ. ನಿದ್ದೆಯ ಮಾತು ಎತ್ತಿದರೆ ಮತ್ತೆ ಟೊಮೆಟೊಗೆ ಹೋಗುತ್ತಿದ್ದ. ಇದರಿಂದ ಏನೂ ಆಗುತ್ತಿಲ್ಲವೆಂದು ಮಾರ್ಲಾ ಗುರುವಾರ ಗುರುವಾರ ಗೊಣಗಿದಳು. ನಿನಗೆ ಬೇಜಾರಾಗುತ್ತದೋ ಇಲ್ಲವೋ ಎಂದು ಅವನು ಪರೀಕ್ಷಿಸುತ್ತಿದ್ದಾನೆ, ಸುಮ್ಮನೆ ಕೇಳು ಎಂದಳು ಇರ್ಮಾ. ಮಾರ್ಲಾ ಕೇಳಿದಳು. ಮರಗಳ ಎಲೆ ಕೆಂಪಾಗುವ ಹೊತ್ತಿಗೆ ಒಂದು ಬುಧವಾರ ಹಾರ್ಲನ್ ಕೊನೆಯ ಫಸಲಿನ ಮಾತಾಡುತ್ತಿದ್ದವನು, ಬ್ರಾಡಿಗೆ ಟೊಮೆಟೊ ಕಂಡರೆ ಆಗುತ್ತಿರಲಿಲ್ಲ ಎಂದು ಹೇಳಿ ಮಾತು ನಿಲ್ಲಿಸಿಬಿಟ್ಟ. ಬ್ರಾಡಿ ಯಾರೆಂದು ಅವಳು ಕೇಳಲಿಲ್ಲ. ಮುಂದಿನ ವಾರ ಅವನೇ ಹೇಳಿದ. ದೋಣಿಯಲ್ಲಿ ತನ್ನ ಕೈಕೆಳಗಿದ್ದ ಹುಡುಗ, ಇಪ್ಪತ್ತೆರಡು ವರ್ಷ, ಸತ್ತುಹೋದ. ಅಷ್ಟೇ ಹೇಳಿದ. ಆ ಗುರುವಾರ ಮಾರ್ಲಾ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಹೋಗಿದ್ದಳು.

ಚಳಿ ಶುರುವಾಗುತ್ತಲೇ ಹಾರ್ಲನ್‌ನ ಮನೆ ಕೈಕೊಟ್ಟಿತು. ಅಡುಗೆಮನೆಯ ನೆಲದ ಹಲಗೆ ಕೊಳೆತು ಕುಸಿಯಿತು, ಹೀಟರು ಸತ್ತಿತು. ಮಗಳು ರೋಂಡಾ ಬಂದು ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಮಾರ್ಲಾ ಇದನ್ನು ಇರ್ಮಾಗೆ ಒಳ್ಳೆಯ ಸುದ್ದಿಯೆಂದೇ ಹೇಳಲು ಹೊರಟಳು.

"ಮಗಳ ಮನೆ ಎಲ್ಲಿ?" ಎಂದಳು ಇರ್ಮಾ.

"ನದಿ ಆಚೆ. ಇವನ ಮನೆ ಬಾಗಿಲಲ್ಲಿ ನಿಂತ್ರೆ ಅವಳ ಮನೆ ದೀಪ ಕಾಣ್ಸುತ್ತಂತೆ."

"ಹಾಗಾದ್ರೆ ಇನ್ನು ಮೇಲೆ ನೀನು ಅವನ ಜೊತೆ ಕೂರೋ ಹಾಗಿಲ್ಲ."

ಇರ್ಮಾ ಬಿಡಿಸಿ ಹೇಳಿದಳು. ಪರದೆಯ ಮೇಲೆ ಮಾತಾಡುವಾಗ ಲೆಕ್ಕಕ್ಕೆ ಬರುವುದು ಕೌನ್ಸೆಲರ್ ಕೂತ ಜಾಗವಲ್ಲ, ಎದುರಿನವರು ಕೂತ ಜಾಗ. ಅವನು ವೆಸ್ಟ್ ವರ್ಜೀನಿಯಾದಲ್ಲಿ ಕೂತಿದ್ದರೆ ಕೆಲಸ ನಡೆಯುತ್ತಿರುವುದು ವೆಸ್ಟ್ ವರ್ಜೀನಿಯಾದಲ್ಲಿ, ಅಲ್ಲಿ ನಿನಗೆ ಲೈಸೆನ್ಸಿಲ್ಲ. ಮಾರ್ಲಾ ನಗಲು ಹೋದಳು. ಇರ್ಮಾ ನಗಲಿಲ್ಲ.

ಮಾರನೆಯ ದಿನವೆಲ್ಲ ಮಾರ್ಲಾ ಫೋನಿಗೆ ಅಂಟಿಕೊಂಡಳು. ಆಚೆ ರಾಜ್ಯದ ಲೈಸೆನ್ಸು ಕೊಡುವ ಮಂಡಳಿಯಲ್ಲಿ ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಸಿಕ್ಕಿದಳು. ತುಂಬ ಮರ್ಯಾದೆಯಿಂದ, ನಿಮ್ಮಂಥ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ, ಪೂರ್ತಿಯದು ಆದ ಮೇಲೆ ಅರ್ಜಿ ಹಾಕಿ ಎಂದಳು. ಪೂರ್ತಿಯಾಗಬೇಕಾದರೆ ಜನರ ಜೊತೆ ಕೂರಬೇಕು, ಕೂರಬೇಕಾದ ಮನುಷ್ಯ ನದಿ ದಾಟಿದ್ದಾನೆ. ಆ ಕಡೆಯ ಕೌನ್ಸೆಲರ್‌ಗಳನ್ನು ಹುಡುಕಿದಳು. ಒಬ್ಬರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇನ್ನೊಬ್ಬರ ಬಳಿ ಬೇಸಿಗೆಯವರೆಗೆ ಜಾಗವಿರಲಿಲ್ಲ. ಮತ್ತೊಬ್ಬರ ನಂಬರು ಎಷ್ಟು ಸಲ ಒತ್ತಿದರೂ ಯಾವುದೋ ಟೈರ್ ಅಂಗಡಿಗೆ ಹೋಗುತ್ತಿತ್ತು.

ಹಾರ್ಲನ್‌ಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಳು.

"ಮೂವತ್ತು ವರ್ಷ ಆ ನದಿ ಮೇಲಿದ್ದೆ ಕಣಮ್ಮ. ನೀನು ಯಾವ ರಾಜ್ಯದವನಪ್ಪಾ ಅಂತ ಒಂದು ಮೀನೂ ನನ್ನ ಕೇಳ್ಲಿಲ್ಲ," ಎಂದ. "ಹೋಗ್ಲಿ ಬಿಡು. ಬುಧವಾರ ನಾನೇ ಈಚೆಗೆ ಬರ್ತೀನಿ."

ಬಂದ. ಸೇತುವೆ ದಾಟಿದ ಕೂಡಲೇ ಸಿಗುವ ದನ-ಕೋಳಿ ಮೇವಿನ ಅಂಗಡಿಯ ಮುಂದೆ ಪಿಕಪ್ ನಿಲ್ಲಿಸಿ, ಫೋನನ್ನು ಸ್ಟೀರಿಂಗಿಗೆ ಒರಗಿಸಿ ಕೂತ. ಇರ್ಮಾ ಒಪ್ಪಿದಳು, ಆದರೆ ಪ್ರತಿ ಸಲವೂ ಮೊದಲು ಎಲ್ಲಿ ಕೂತಿದ್ದೀರಿ ಎಂದು ಕೇಳಿ ಬರೆದುಕೊಳ್ಳಬೇಕು ಎಂದಳು. ಮಾರ್ಲಾ ಕೇಳುತ್ತಿದ್ದಳು. ಹಾರ್ಲನ್ ಒಮ್ಮೆ ಚಂದ್ರನ ಮೇಲೆ ಎಂದ, ಇನ್ನೊಮ್ಮೆ ಇನ್ನೂ ಇದೇ ದೇಶದಲ್ಲಿ ಎಂದ, ಆಮೇಲೆ ಅಂಗಡಿಯ ಹೆಸರು ಹೇಳಿದ. ಎರಡನೆಯ ವಾರ ಅಂಗಡಿಯ ಮ್ಯಾನೇಜರು ಕಿಟಕಿ ಬಡಿದು, ಇಲ್ಲಿ ಸುಮ್ಮನೆ ಗಾಡಿ ನಿಲ್ಲಿಸಬಾರದು ಎಂದ. ಅಂದಿನಿಂದ ಹಾರ್ಲನ್ ಪ್ರತಿ ಬುಧವಾರ ಒಂದು ಮೂಟೆ ಕೋಳಿ ಮೇವು ಕೊಂಡು ಹೋಗತೊಡಗಿದ. ರೋಂಡಾಳ ಮನೆಯಲ್ಲಿ ಕೋಳಿಗಳಿರಲಿಲ್ಲ. ಮೂಟೆಗಳು ಷೆಡ್ಡಿನಲ್ಲಿ ಬೆಳೆದವು. ಅವಳು ರೇಗಾಡಿದಾಗ, ಇಷ್ಟು ಮೇವಿರುವಾಗ ಹಾಳು ಮಾಡುವುದೇಕೆಂದು ಅವನು ಮೂರು ಕೋಳಿ ತಂದು ಹಿತ್ತಲಲ್ಲಿ ಬಿಟ್ಟ. ಇದನ್ನು ಹೇಳುವಾಗ ಅವನು ನಕ್ಕದ್ದನ್ನು ಮಾರ್ಲಾ ಮೊದಲ ಬಾರಿ ನೋಡಿದಳು.

ಡಿಸೆಂಬರಿನಲ್ಲಿ ಸೇತುವೆಯ ಉಕ್ಕಿನ ತೊಲೆಯೊಂದರಲ್ಲಿ ಬಿರುಕು ಕಾಣಿಸಿತು. ಎರಡೂ ಬದಿಗೆ ಅಡ್ಡಗಟ್ಟೆ ಇಟ್ಟು ಮುಚ್ಚಿಬಿಟ್ಟರು. ಯಾವಾಗ ತೆರೆಯುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸೇತುವೆಗೆ ನದಿಗುಂಟ ಒಂದು ಗಂಟೆ ಮೇಲಕ್ಕೆ ಹೋಗಬೇಕು, ದಾಟಿ ಒಂದು ಗಂಟೆ ಕೆಳಕ್ಕೆ ಬರಬೇಕು. ಸ್ವಲ್ಪ ದಿನ ನಿಲ್ಲಿಸೋಣವೇ ಎಂದು ಮಾರ್ಲಾ ಕೇಳಿದಳು. ಬೇಡ, ಸುತ್ತಿಕೊಂಡು ಬರುತ್ತೇನೆ ಎಂದ ಹಾರ್ಲನ್. ಎರಡು ವಾರ ಬಂದೆನೆಂದೂ ಹೇಳಿದ.

ಮೂರನೆಯ ವಾರ ಎಲ್ಲಿ ಕೂತಿದ್ದೀರಿ ಎಂದದ್ದಕ್ಕೆ ಅಂಗಡಿಯ ಹೆಸರನ್ನು ತಮಾಷೆಯಿಲ್ಲದೆ ಒಂದೇ ಉಸಿರಿಗೆ ಹೇಳಿದ. ಮಾರ್ಲಾ ಬರೆದುಕೊಂಡಳು. ಅವನು ಇವತ್ತು ಬ್ರಾಡಿಯ ವಿಷಯ ಹೇಳುತ್ತೇನೆ ಎಂದ.

ನದಿಯ ಅಣೆಕಟ್ಟಿನ ಪಕ್ಕ ದೋಣಿಗಳನ್ನು ಏರಿಸಿ ಇಳಿಸುವ ದೊಡ್ಡ ಕಾಂಕ್ರೀಟು ತೊಟ್ಟಿಗಳಿರುತ್ತವೆ. ಬೆಳಗಿನ ಮಂಜಿನಲ್ಲಿ ಅವನ ದೋಣಿ ಅಂಥದೊಂದರೊಳಗೆ ಬಾರ್ಜುಗಳನ್ನು ನುಗ್ಗಿಸುತ್ತಿತ್ತು. ತುದಿಯ ಬಾರ್ಜಿನ ಮೇಲೆ ಹಗ್ಗ ಹಿಡಿದು ಬ್ರಾಡಿ ನಿಂತಿದ್ದ. ಇವನು ಹಿಂದಿನ ಬಾರ್ಜಿನ ಮೇಲಿದ್ದ. ಮಂಜು ಎಷ್ಟಿತ್ತೆಂದರೆ ಹುಡುಗನ ಕಿತ್ತಳೆ ಬಣ್ಣದ ಜಾಕೆಟ್ಟು ಮಾತ್ರ ಕಾಣುತ್ತಿತ್ತು. ಹಾರ್ಲನ್ ಇಲ್ಲಿಯವರೆಗೆ ಬಂದಾಗ ಅವನ ಹಿಂದಿನ ಕಿಟಕಿಯಲ್ಲಿ ಒಂದು ಕೋಳಿ ಕಾಣಿಸಿತು. ಪಿಕಪ್ಪಿನ ಹಿಂಬದಿಯ ಅಂಚಿಗೆ ಹಾರಿ ಕೂತು ಒಳಗೆ ಇಣುಕಿತು.

ಕೋಳಿ ಮೇವಿನ ಅಂಗಡಿಯ ಮುಂದೆ ಕೋಳಿ ಇರಬಾರದೆಂದೇನಿಲ್ಲ ಎಂದು ಮಾರ್ಲಾ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹೆಣ್ಣು ದನಿ, ಅಪ್ಪಾ, ಸೂಪು ಆರಿಹೋಗ್ತಿದೆ ಎಂದು ಕೂಗಿತು. ಹಾರ್ಲನ್ ತಲೆ ತಿರುಗಿಸಲಿಲ್ಲ. ಅವನ ಕಣ್ಣು ಇನ್ನೂ ಆ ಜಾಕೆಟ್ಟಿನ ಮೇಲೇ ಇತ್ತು. ಈಗ ನಿಲ್ಲಿಸಿ ಎನ್ನಬೇಕು ಎಂದು ಮಾರ್ಲಾಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಾಯಿ ತೆರೆಯಲಿಲ್ಲ. ಹಾರ್ಲನ್ ಹೇಳುತ್ತ ಹೋದ. ಜಾಕೆಟ್ಟು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಬಾರ್ಜಿಗೂ ಗೋಡೆಗೂ ನಡುವೆ ಒಂದು ಬಾಗಿಲಿನಷ್ಟು ಜಾಗ, ಅದೂ ಮುಚ್ಚಿಕೊಂಡಿತು. ಅಷ್ಟು ತೂಕ ಒಮ್ಮೆ ಚಲಿಸತೊಡಗಿದರೆ ಯಾರು ಕೂಗಿದರೂ ನಿಲ್ಲುವುದಿಲ್ಲ. ಇಷ್ಟು ಹೇಳಿ ಅಂಗೈಯಿಂದ ಮುಖ ಒರೆಸಿಕೊಂಡು, ಮುಂದಿನ ವಾರ ಸಿಗೋಣ ಎಂದು ಫೋನು ಆರಿಸಿದ.

ಮಾರನೆಯ ದಿನ ಮಾರ್ಲಾ ಯಾವುದನ್ನೂ ಮುಚ್ಚಿಡಲಿಲ್ಲ. ಕೋಳಿಯನ್ನೂ ಸೂಪನ್ನೂ ಸೇರಿಸಿ ಹೇಳಿದಳು. ಇರ್ಮಾ ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. ಆ ಗಂಟೆಗೆ ನಾನು ಸಹಿ ಹಾಕುವುದಿಲ್ಲ, ನಡೆದದ್ದನ್ನು ನಡೆದಂತೆಯೇ ನನ್ನ ಕಡತದಲ್ಲಿ ಬರೆದಿಡುತ್ತೇನೆ, ಹಾರ್ಲನ್‌ನ ಜೊತೆಗಿನ ಭೇಟಿ ಇವತ್ತಿಗೆ ನಿಂತಿತು ಎಂದಳು. ಮಾರ್ಲಾಳ ತಾಳ್ಮೆಯ ಕಟ್ಟೆ ಒಡೆಯಿತು. ಅರ್ಧ ವರ್ಷ ಟೊಮೆಟೊ ಕೇಳಿದವಳು ತಾನು, ಆ ಮನುಷ್ಯ ಮೊದಲ ಸಲ ಬಾಯಿ ಬಿಟ್ಟಿದ್ದಾನೆ, ಒಂದು ಹಾಳು ನದಿಯ ಸಲುವಾಗಿ ಅವನ ಮುಖದ ಮೇಲೆ ಬಾಗಿಲು ಹಾಕಬೇಕೆ, ಈ ನಿಯಮ ಬರೆದವರು ಯಾರಾದರೂ ಒಬ್ಬ ಮನುಷ್ಯನ ಎದುರು ಕೂತಿದ್ದಾರೆಯೇ ಎಂದೆಲ್ಲ ಒದರಿದಳು. ಇರ್ಮಾ ಮುಗಿಯುವವರೆಗೆ ಕಾದಳು.

"ಅವನ ಗಾಡೀಲಿ ಬಂದೂಕು ಇದೆಯಾ?"

"ಇರುತ್ತೆ. ಈ ಕಡೆ ಯಾರ ಗಾಡೀಲಿ ಇರಲ್ಲ?"

"ನಿನ್ನೆ ಆ ಮಾತು ಮುಗಿಸಿ ಅವನು ಅದಕ್ಕೆ ಕೈ ಹಾಕಿದ್ರೆ ಏನು ಮಾಡ್ತಿದ್ದೆ?"

"ಶೆರಿಫ್ ಆಫೀಸಿಗೆ ಫೋನ್ ಮಾಡ್ತಿದ್ದೆ."

"ಯಾವ ಶೆರಿಫ್? ಎಲ್ಲಿಗೆ ಹೋಗಿ ಅಂತಿದ್ದೆ?"

ಮಾರ್ಲಾ ತನ್ನ ಟಿಪ್ಪಣಿ ತಿರುವಿದಳು. ಅವಳು ಬರೆದುಕೊಂಡಿದ್ದದ್ದು ಮೇವಿನ ಅಂಗಡಿ. ರೋಂಡಾಳ ಮನೆಯ ವಿಳಾಸ ಅವಳ ಬಳಿ ಇರಲಿಲ್ಲ. ಅಂಗಡಿಯ ಮುಂದಿನ ಖಾಲಿ ಜಾಗದಲ್ಲಿ ಪೊಲೀಸರು ಟಾರ್ಚು ಹಿಡಿದು ಹುಡುಕುವುದು, ನದಿಯಾಚೆ ಹಿತ್ತಲಲ್ಲಿ ಪಿಕಪ್ ನಿಂತಿರುವುದು, ಎರಡೂ ಕಣ್ಣಿಗೆ ಕಟ್ಟಿದವು. ಇರ್ಮಾ ಹೇಳಿದ್ದು ಸರಿ ಎಂಬುದು ಅವಳ ಸಿಟ್ಟನ್ನು ಇಳಿಸಲಿಲ್ಲ. ತಪ್ಪಾಗಿದ್ದರೆ ಜಗಳವಾಡಬಹುದಿತ್ತು. ಈಗ ಅದಕ್ಕೂ ದಾರಿಯಿರಲಿಲ್ಲ.

ಅಂದು ಸಂಜೆಯೇ ಹಾರ್ಲನ್‌ಗೆ ಫೋನು ಮಾಡಿದಳು. ಇಷ್ಟು ಮಾತ್ರ ಹೇಳು, ಬೇರೆ ಮಾತು ಬೆಳೆಸಬೇಡ ಎಂದು ಇರ್ಮಾ ಹೇಳಿಕೊಟ್ಟಿದ್ದಳು. ಹಾರ್ಲನ್ ಪೂರ್ತಿ ಕೇಳಿದ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಲಿಲ್ಲ, ಅಲ್ಲಗಳೆಯಲೂ ಇಲ್ಲ.

"ಅಂದ್ರೆ, ನಾನು ಹೇಳಿದ್ದು ಯಾರಿಗೂ ಬೇಕಾಗಿಲ್ಲ. ಗಾಡಿ ಎಲ್ಲಿ ನಿಂತಿತ್ತು ಅನ್ನೋದು ಬೇಕು."

"ಹಾಗಲ್ಲ ಹಾರ್ಲನ್. ನಿಮಗೇನಾದ್ರೂ ಆದ್ರೆ..."

"ನನಗೆ ಆಗೋದು ಏಳು ವರ್ಷದ ಹಿಂದೆನೇ ಆಗಿದೆ ಕಣಮ್ಮ," ಎಂದು ಫೋನಿಟ್ಟ.

ಮುಂದಿನ ಬುಧವಾರ ಆ ಹೊತ್ತಿಗೆ ಮಾರ್ಲಾ ಖಾಲಿ ಪರದೆಯ ಮುಂದೆ ಕೂತಿದ್ದಳು. ಬೇರೆ ಯಾರನ್ನಾದರೂ ಹಾಕಿಕೊಳ್ಳಬಹುದಿತ್ತು, ಹಾಕಿಕೊಂಡಿರಲಿಲ್ಲ. ಕ್ರಿಸ್‌ಮಸ್ ಬಂತು, ಹೋಯಿತು. ಅವಳು ಕಳಿಸಿದ ಎರಡು ಸಂದೇಶಗಳಿಗೆ ಉತ್ತರವಿಲ್ಲ. ಹೊಸ ವರ್ಷದ ಮೊದಲ ವಾರ ಕಚೇರಿಗೆ ಒಂದು ಫೋನು ಬಂತು. ಎತ್ತಿದವಳು ಮಾರ್ಲಾಳೇ.

"ನಮ್ಮಪ್ಪ ಮಾತಾಡ್ತಿದ್ದ ಕೌನ್ಸೆಲರ್ ನೀವೇನಾ? ನಾನು ರೋಂಡಾ, ಹಾರ್ಲನ್ ಟ್ರೆಂಟ್ ಮಗಳು."

ಮನೆಯವರ ಜೊತೆ ಮಾತಾಡಬಹುದೆಂದು ಹಾರ್ಲನ್ ಎಂದೂ ಬರೆದುಕೊಟ್ಟಿರಲಿಲ್ಲ. ಅಂಥ ಒಪ್ಪಿಗೆಯಿಲ್ಲದೆ ಆ ಹೆಸರಿನ ಮನುಷ್ಯ ತನಗೆ ಗೊತ್ತು ಎಂದೂ ಮಾರ್ಲಾ ಹೇಳುವಂತಿಲ್ಲ.

"ಆ ಹೆಸರಿನವರು ನಮಗೆ ಗೊತ್ತಿದ್ದಾರೋ ಇಲ್ವೋ ಅನ್ನೋದನ್ನ ನಾನು ಹೇಳೋಕಾಗಲ್ಲ," ಎಂದಳು. ತನ್ನ ದನಿ ತನಗೇ ಆ ಮಂಡಳಿಯ ಹೆಂಗಸಿನ ದನಿಯಂತೆ ಕೇಳಿಸಿತು.

"ಏನ್ರೀ ಹಾಗಂದ್ರೆ? ಬುಧವಾರ ಬಂದ್ರೆ ಅದೇ ಹೊತ್ತಿಗೆ ಹೋಗಿ ಗಾಡೀಲಿ ಕೂತ್ಕೊಳ್ತಾನೆ. ಫೋನ್ ಹಚ್ಚಲ್ಲ, ಎಂಜಿನ್ ಹಚ್ಚಲ್ಲ, ಈ ಥಂಡೀಲಿ ಸುಮ್ನೆ ಕೂತಿರ್ತಾನೆ. ಏನು ಮಾಡಿಟ್ರಿ ನಮ್ಮಪ್ಪನಿಗೆ?"

"ನಾನು ಏನೂ ಹೇಳೋ ಹಾಗಿಲ್ಲ. ಆದ್ರೆ ನೀವು ಹೇಳಿದ್ರೆ ಕೇಳಿಸ್ಕೋಬಹುದು."

"ಕೇಳಿಸ್ಕೊಳ್ಳೋಕೆ ಗೋಡೆ ಇಲ್ವಾ ನಮ್ಮನೇಲಿ?" ಎಂದಳು ರೋಂಡಾ. ಆದರೂ ಫೋನು ಇಡಲಿಲ್ಲ. ಅಪ್ಪ ಊಟ ಬಿಡುತ್ತಿರುವುದು, ಬಂದೂಕನ್ನು ತಾನೇ ತೆಗೆದು ಗಂಡನ ತಮ್ಮನ ಮನೆಯಲ್ಲಿ ಇಟ್ಟು ಬಂದದ್ದು, ಎಲ್ಲವನ್ನೂ ಹೇಳಿದಳು. ಮನೆಯ ವಿಳಾಸವನ್ನೂ ಹೇಳಿದಳು. ಮಾರ್ಲಾ ಬರೆದುಕೊಂಡಳು. ಯಾರಿಗೇ ಆಗಲಿ ಜೀವದ ಮೇಲೆ ಆಸೆ ಬಿಟ್ಟಂತೆ ಕಂಡರೆ ಕರೆಯಬೇಕಾದ ನಂಬರು ಇದು ಎಂದು ಹೇಳಿ, ತನಗೆ ಹೇಳಲು ಅವಕಾಶವಿದ್ದದ್ದು ಅದೊಂದೇ ಮಾತಾದ್ದರಿಂದ ಎರಡು ಸಲ ಹೇಳಿದಳು. ಫೋನಿಟ್ಟ ಮೇಲೆ ಹೋಗಿ ಇರ್ಮಾಳ ಬಾಗಿಲಲ್ಲಿ ನಿಂತಳು.

"ಈ ಸಲ ನಿಯಮ ಹೇಳ್ಬೇಡಿ," ಎಂದಳು. "ಏನಾದ್ರೂ ಮಾಡಿ."

ಇರ್ಮಾ ಬಾಗಿಲು ಹಾಕಿಕೊಂಡು ರಸೆಲ್ ಓಡೆಲ್ ಎಂಬವನಿಗೆ ಫೋನು ಮಾಡಿದಳು. ವೆಸ್ಟ್ ವರ್ಜೀನಿಯಾದ ಕೌನ್ಸೆಲರ್, ಒಂದು ಕಾಲಕ್ಕೆ ಅವಳ ಜೊತೆ ಓದಿದವನು. ಯಾವುದೋ ಜಗಳವಾಗಿ ಇಬ್ಬರೂ ಬಹಳ ವರ್ಷದಿಂದ ಮಾತು ಬಿಟ್ಟಿದ್ದರು. ಒಳಗಿನಿಂದ ಇರ್ಮಾಳ ದನಿ ಒಮ್ಮೆ ಏರಿತು, ಆಮೇಲೆ ಬಹಳ ಹೊತ್ತು ತಗ್ಗಿಯೇ ಇತ್ತು. ಹೊರಬಂದಾಗ ಅವಳ ಕೆನ್ನೆ ಕೆಂಪಾಗಿತ್ತು. ಸೋಮವಾರ ಬೆಳಿಗ್ಗೆ, ಕಚೇರಿ ತೆರೆಯುವುದಕ್ಕೂ ಮುಂಚೆ, ಒಂದು ಗಂಟೆ ಕೊಡುತ್ತಾನೆ, ರೋಂಡಾಳ ಮನೆಯಿಂದ ಹತ್ತು ನಿಮಿಷ ಎಂದಳು. ಅವನಿಗೆ ಏನು ಹೇಳಿ ಒಪ್ಪಿಸಿದಳೆಂದು ಮಾರ್ಲಾ ಕೇಳಲಿಲ್ಲ.

ಹಾರ್ಲನ್‌ನನ್ನು ಓಡೆಲ್‌ನ ಕೈಗೆ ದಾಟಿಸುವ ಮುನ್ನ ಒಂದು ಭೇಟಿ ಬೇಕು. ಹಾರ್ಲನ್ ಒಪ್ಪಬೇಕು, ಅದೂ ಈಚೆ ದಡದಲ್ಲಿ. ಮಾರ್ಲಾ ಬೆಲ್‌ಫೋರ್ಡ್ ಲೈಬ್ರರಿಯಲ್ಲಿ ಒಂದು ಕೋಣೆ ಕೇಳಿ ಗೊತ್ತುಮಾಡಿ ಅವನಿಗೆ ಸಂದೇಶ ಕಳಿಸಿದಳು. ಉತ್ತರ ಬರಲಿಲ್ಲ. ಆದರೂ ಆ ದಿನ ಗುಡ್ಡದ ರಸ್ತೆಯಲ್ಲಿ ಹಿಮ ತಳ್ಳುವ ಲಾರಿಯ ಹಿಂದೆ ತೆವಳುತ್ತ ಹೋದಳು. ರೋಂಡಾ ಅಪ್ಪನನ್ನು ಮೇಲಿನ ಸೇತುವೆಯಿಂದ ಸುತ್ತಿಸಿಕೊಂಡು ಕರೆತಂದಿದ್ದಳು. ಅವಳು ಕಾರಿನಿಂದ ಇಳಿಯಲಿಲ್ಲ, ಮಾರ್ಲಾಳ ಕಡೆ ನೋಡಲೂ ಇಲ್ಲ. ಹಾರ್ಲನ್ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳು ಬಿಡಿಸಿದ ಚಿತ್ರಗಳು ತುಂಬಿದ್ದ ಆ ಕೋಣೆಯಲ್ಲಿ ಚಿಕ್ಕ ಕುರ್ಚಿಯೊಂದರ ಮೇಲೆ ಕಾಲು ಚಾಚಿ ಕೂತಿದ್ದ.

ಇಷ್ಟು ತಿಂಗಳಲ್ಲಿ ಇಬ್ಬರೂ ಎದುರುಬದುರು ಕೂತದ್ದು ಇದೇ ಮೊದಲು. ಪರದೆಯಲ್ಲಿ ಕಂಡದ್ದಕ್ಕಿಂತ ಅವನು ಗಿಡ್ಡ.

ಹೊಸಬನ ಹತ್ತಿರ ಹೋಗುವುದಿಲ್ಲ ಎಂದು ಅವನು ಹಟ ಹಿಡಿಯುತ್ತಾನೆಂದು ಮಾರ್ಲಾ ಎಣಿಸಿದ್ದಳು. ಅವನು ಕೇಳಿದ್ದು ಬೇರೆ. ಹೋಗುತ್ತೇನೆ, ಆದರೆ ಬ್ರಾಡಿಯ ವಿಷಯವನ್ನು ಮತ್ತೆ ಮೊದಲಿನಿಂದ ಹೇಳಲು ನನ್ನಿಂದಾಗದು, ಅದನ್ನು ಆ ಮನುಷ್ಯನಿಗೆ ನೀನೇ ಹೇಳಬೇಕು ಎಂದ. ಆಗಬಹುದು ಎಂದಳು ಮಾರ್ಲಾ. ಒಪ್ಪಿಗೆಗೆ ಅವನು ಸಹಿ ಹಾಕಿದ. ಆಮೇಲೆ, ಏನು ಹೇಳುತ್ತೀಯೋ ನನ್ನೆದುರು ಒಂದು ಸಲ ಹೇಳು, ಕೇಳುತ್ತೇನೆ ಎಂದ.

ಅವಳು ಹೇಳಿದಳು. ಮಂಜು, ತೊಟ್ಟಿ, ಹಗ್ಗ, ಕಿತ್ತಳೆ ಜಾಕೆಟ್ಟು. ಹಾರ್ಲನ್ ಕಣ್ಣು ಮುಚ್ಚಿ ಕೇಳುತ್ತಿದ್ದ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಬ್ರಾಡಿ ಕಾಲು ಜಾರಿ ಬಾರ್ಜಿಗೂ ಗೋಡೆಗೂ ನಡುವೆ ಬಿದ್ದ ಎಂದು ಅವಳು ಹೇಳಿದಾಗ ತಲೆಯಾಡುವುದು ನಿಂತಿತು.

"ಜಾರಲಿಲ್ಲ."

ಅವನು ಕಣ್ಣು ತೆರೆದ.

"ಹಗ್ಗ ಗೋಡೆ ಮೇಲಿನ ಗೂಟಕ್ಕೆ ನಿಲುಕ್ತಿರ್ಲಿಲ್ಲ. ಅವನು ತಿರುಗಿ ನೋಡ್ದ, ದಾಟ್ಲಾ ಅಂದ. ಎಷ್ಟು ದೂರ ಇದೆ ಅಂತ ನನಗೆ ಕಾಣ್ಸ್ತಿರ್ಲಿಲ್ಲ." ಹಾರ್ಲನ್ ತನ್ನ ಅಂಗೈಗಳನ್ನು ನೋಡಿಕೊಂಡ. "ದಾಟು ಅಂದೆ. ನಾನೇ ಅಂದದ್ದು. ವಿಚಾರಣೆಗೆ ಬಂದವರು ಜಾರಿದ ಅಂತ ಬರ್ಕೊಂಡ್ರು. ಅವನ ತಾಯಿಗೂ ಅದನ್ನೇ ಹೇಳಿದ್ರು. ನಾನು ಸುಮ್ನಿದ್ದೆ."

ಗೋಡೆಯಾಚೆ ಯಾರೋ ಪುಸ್ತಕದ ಗಾಡಿಯನ್ನು ತಳ್ಳಿಕೊಂಡು ಹೋದ ಸದ್ದಾಯಿತು. ಮಾರ್ಲಾ ಯಾವ ಸಮಾಧಾನವನ್ನೂ ಹೇಳಲಿಲ್ಲ. ಹೇಳಬಹುದಾದ ಮಾತುಗಳೆಲ್ಲ ಅವನಿಗೆ ಮೊದಲೇ ಗೊತ್ತಿದ್ದವೇ ಆಗಿದ್ದವು. ಇಷ್ಟು ವರ್ಷ ಇದನ್ನು ಒಬ್ಬರೇ ಹೊತ್ತಿದ್ದೀರಿ ಎಂದಷ್ಟೇ ಅಂದಳು. ಅವನು ಅತ್ತನೋ ಇಲ್ಲವೋ ಎಂದು ಹೇಳುವುದು ಕಷ್ಟ. ಅಗಲವಾದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದ. ಅವನಾಗಿಯೇ ತಲೆ ಎತ್ತಿದಾಗ ಲೈಬ್ರರಿಯವರು ಕೊಟ್ಟ ಗಂಟೆ ಮುಗಿಯಲು ಸ್ವಲ್ಪವೇ ಉಳಿದಿತ್ತು.

"ಈಗ ಮೊದ್ಲಿಂದ ಹೇಳು," ಎಂದ. "ಸರಿಯಾಗಿ."

ಅವಳು ಮೊದಲಿನಿಂದ ಹೇಳಿದಳು. ಈ ಸಲ ಅವನು ಎಲ್ಲೂ ತಡೆಯಲಿಲ್ಲ. ಎದ್ದು ಅವಳ ಕೈ ಕುಲುಕಿ, ಕುಂಟುತ್ತ ಮಗಳ ಕಾರಿನ ಕಡೆ ಹೋದ.

ಅಂದೇ ಮಾರ್ಲಾ ಓಡೆಲ್‌ಗೆ ಫೋನು ಮಾಡಿ ಹಾರ್ಲನ್ ಒಪ್ಪಿದ ಮಾತುಗಳಲ್ಲೇ ಎಲ್ಲವನ್ನೂ ಒಪ್ಪಿಸಿದಳು. ಬಂದೂಕು ಎಲ್ಲಿದೆ, ಮನೆ ಎಲ್ಲಿದೆ ಎಂಬುದನ್ನೂ ಹೇಳಿದಳು. ಓಡೆಲ್ ಕೊನೆಗೆ, ಇನ್ನೇನಾದರೂ ನನಗೆ ಗೊತ್ತಿರಬೇಕೇ ಎಂದು ಕೇಳಿದ. ಅವಸರ ಮಾಡಬೇಡಿ ಎಂದಳು. ಆ ಮಾತು ಬೇಕಿದ್ದದ್ದಕ್ಕಿಂತ ಗಟ್ಟಿಯಾಗಿ ಬಂತು. ಹಾರ್ಲನ್ ಸಹಿ ಹಾಕಿದ ಒಪ್ಪಿಗೆ ಕೈ ದಾಟಿಸುವ ಮಟ್ಟಿಗೆ ಮಾತ್ರ. ಸೋಮವಾರ ಅವನು ಹೋದನೋ, ಕೂತನೋ, ಏನು ಮಾತಾಡಿದನೋ, ಮಾರ್ಲಾ ಇನ್ನು ಕೇಳುವಂತಿರಲಿಲ್ಲ. ಅಲ್ಲಿಗೆ ಮುಗಿಯಿತು.

ಗುರುವಾರ ಇರ್ಮಾ ಲೈಬ್ರರಿಯ ಗಂಟೆಗೆ ಸಹಿ ಹಾಕಿ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟಳು. ಮಾರ್ಲಾ ಅದನ್ನು ಮುಟ್ಟಲಿಲ್ಲ.

"ಇಷ್ಟು ತಿಂಗಳು ಆ ಒಂದು ಮಾತಿಗೆ ಕಾದಿದ್ದು ನಾನು," ಎಂದಳು. "ಬಂತು. ಬಂದ ದಿನಾನೇ ತಗೊಂಡು ಹೋಗಿ ಬೇರೆಯವರ ಕೈಲಿ ಇಟ್ಟು ಬಂದೆ. ಸರಿ ಇದೆ ಅಂತ ಮಾತ್ರ ಹೇಳ್ಬೇಡಿ."

"ಸರಿ ಇದೆ ಅಂತ ನಾನೆಲ್ಲಿ ಹೇಳ್ದೆ?" ಎಂದಳು ಇರ್ಮಾ. ಬಿಸ್ಕತ್ತಿನ ಪೊಟ್ಟಣವನ್ನು ಅವಳ ಕಡೆ ತಳ್ಳಿದಳು. "ಇನ್ನು ನಿನ್ನ ಮುಖ ನೋಡ್ಬೇಕಾಗಿಲ್ಲ ಅಂತ ಗೊತ್ತಾದ್ಮೇಲೇ ಅವನಿಗೆ ಅದನ್ನ ಹೇಳೋಕಾಯ್ತೇನೋ."

"ಅದು ಇನ್ನೂ ಕೆಟ್ಟದ್ದು."

"ಇರಬಹುದು."

ಕೆಳಗೆ ಬೀದಿಯಲ್ಲಿ ಶಾಲೆಯ ಬಸ್ಸು ನಿಂತು ಮಕ್ಕಳನ್ನು ಇಳಿಸಿತು. ಮುಂದಿನ ಬುಧವಾರದ ಆ ಹೊತ್ತಿಗೆ ಒಬ್ಬ ಹೊಸ ಹೆಂಗಸಿದ್ದಾಳೆ, ತಂಗಿಯ ಜೊತೆ ಮಾತು ಬಿಟ್ಟವಳು, ತೆಗೆದುಕೊಳ್ಳುತ್ತೀಯಾ ಎಂದು ಇರ್ಮಾ ಕೇಳಿದಳು. ಮಾರ್ಲಾ ಪೆನ್ನು ತೆಗೆದುಕೊಂಡು ಹೆಸರು ಬರೆದುಕೊಂಡಳು. ಒತ್ತಿ ಬರೆದದ್ದಕ್ಕೆ ಕಾಗದ ಹರಿಯಿತು.